ನಿಂತದ್ದು ನಡೆಯಲಿಕ್ಕೆ

ಮೂವತ್ತೊಂದು ವರ್ಷ ಕರೆಂಟಿನ ಮೀಟರು ಓದಿದವಳು,
ಸುಗಂಧಿ ಕಾಂಚನ್.
ಚುನಾಭಟ್ಟಿಯ ಮೆಟ್ಟಿಲಡಿಯ ಕತ್ತಲೆಯೆಲ್ಲ ನನಗೆ ಪರಿಚಯ.
ಯಾವ ಚಾಳಿನ ಯಾವ ಪೆಟ್ಟಿಗೆಯಲ್ಲಿ
ಹಲ್ಲಿ ಮೊಟ್ಟೆಯಿಟ್ಟಿದೆ, ಅದೂ ಗೊತ್ತಿತ್ತು.

ನಿವೃತ್ತಿಯ ಮರುವರ್ಷ
ಸ್ಟೇಷನ್ನಿನಿಂದ ಪಾಲಿಕೆ ಶಾಲೆಯವರೆಗೆ ಅಳೆದು ನೋಡಿದೆ:
ಸಾವಿರದ ನೂರಾ ನಲವತ್ತು ಹೆಜ್ಜೆ.
ಫುಟ್‌ಪಾತಿನ ಮೇಲೆ ಇಟ್ಟದ್ದು ಇನ್ನೂರ ಆರು.
ಉಳಿದದ್ದೆಲ್ಲ ಬಸ್ ಡ್ರೈವರನ ಕೃಪೆ.

ಹಾಗಾಗಿ ನಿಂತೆ.
ನಮ್ಮಲ್ಲಿ ಹಾಗೆಯೇ ಅಲ್ಲವೇ ಹೇಳುವುದು,
ಚುನಾವಣೆಗೆ ನಿಲ್ಲುವುದು ಅಂತ?
ನಡೆಯಲು ಜಾಗ ಬೇಕೆಂದು ನಿಂತುಬಿಟ್ಟೆ.
ಮಗಳು ನಕ್ಕಳು,
ನಕ್ಕು ಸೊಂಟದ ಬೆಲ್ಟು ಬಿಗಿದುಕೊಟ್ಟಳು.

ಚಿಹ್ನೆಗೆ ಚಪ್ಪಲಿ ಕೇಳಿದ್ದೆ.
ಇನ್ನೊಬ್ಬನೂ ಕೇಳಿದ್ದನಂತೆ, ಯಾಕೋ ಅವನಿಗೇ ಗೊತ್ತು.
ಚೀಟಿ ಎತ್ತಿದರು.
ನನ್ನ ಪಾಲಿಗೆ ಬಂದದ್ದು ರೋಡ್ ರೋಲರ್.
ಆ ಚಿತ್ರ ಹಿಡಿದು ಕಾಲ್ನಡೆಯಲ್ಲಿ ಮನೆಮನೆಗೆ ಹೋಗಿ
ನಡೆಯುವವರ ಪರವಾಗಿ ಮಾತಾಡಿದೆ.
ಅಜ್ಜನೊಬ್ಬ ಕನ್ನಡಕ ಏರಿಸಿ ದಿಟ್ಟಿಸಿದ:
"ಇದು ಯಾರ ಮೇಲೆ ಹರಿಯುವುದು?"

ಉಳಿದ ಎಂಟು ಮಂದಿಗೆ ನುಡಿಯಿತ್ತು, ಮೈಕಿತ್ತು, ಟೆಂಪೋ ಇತ್ತು.
ನನ್ನ ಹತ್ತಿರ ನಡೆ ಒಂದೇ.
ಬಾಗಿಲು ತೆರೆದವರು ಹಳೆಯ ಅಭ್ಯಾಸದಿಂದ
ಮೀಟರಿನ ಕಡೆ ಕೈ ತೋರಿಸಿದರು.
ನಾನೂ ಅಭ್ಯಾಸದಿಂದ ಓದಿ,
ಆಮೇಲೆ ಓಟು ಕೇಳಿದೆ.

ಕೇಸರಬಾಯಿಯ ಮೆಂತ್ಯದ ಬುಟ್ಟಿ
ನನ್ನ ಲೆಕ್ಕದಲ್ಲಿ ಮೂರು ಹೆಜ್ಜೆ.
ಕರಪತ್ರ ಕೊಟ್ಟೆ.
ಓದು ಬಾರದು, ನೀನೇ ಹೇಳು ಅಂದಳು. ಹೇಳಿದೆ.
ಸೊಪ್ಪಿಗೆ ನೀರು ಚಿಮುಕಿಸುತ್ತಲೇ ಕೇಳಿದಳು:
"ನೀನು ಗೆದ್ದರೆ ನಾನೆಲ್ಲಿ ಕೂರಲಿ, ತಾಯಿ?"

ಮೂವತ್ತೊಂದು ವರ್ಷದಲ್ಲಿ ಯಾವ ಮೀಟರೂ
ತಿರುಗಿ ನನ್ನನ್ನು ಹಾಗೆ ಓದಿರಲಿಲ್ಲ.

ಆ ರಾತ್ರಿ ನೆಲದ ಮೇಲೆ ನಕ್ಷೆ ಹರವಿ ಮತ್ತೆ ಕೂಡಿಸಿದೆ.
ಬುಟ್ಟಿಗಳೆಲ್ಲ ಸೇರಿ ತೊಂಬತ್ತು.
ಬೈಕುಗಳು ಮುನ್ನೂರಕ್ಕೂ ಮೇಲೆ.
ಹಬ್ಬ ಮುಗಿದರೂ ಬಿಚ್ಚದ ಮಂಟಪದ ಬಿದಿರು.
ಮತ್ತೆ, ಟೈಲ್ಸ್ ಹಾಕಿದ ನಾಲ್ಕು ಮೆಟ್ಟಿಲು, ಎರಡು ಕ್ರೋಟನ್ ಕುಂಡ,
ಹನ್ನೊಂದು ಹೆಜ್ಜೆ ನುಂಗಿದ ಒಂದು ಹೋಟೆಲು:
ನನ್ನ ಭಾವ ವಿಠಲನದು.
ಮೊದಲ ಸಲ ಅದನ್ನು ಎಣಿಸಿಯೇ ಇರಲಿಲ್ಲ.
ಆ ಮೆಟ್ಟಿಲ ಮೇಲೆ ಕೂತು ಚಹಾ ಕುಡಿಯುತ್ತ
ಲೆಕ್ಕ ಬರೆದವಳು ನಾನು.

"ಭಾವ, ಮೆಟ್ಟಿಲು ಒಡೆಸಿ."
ಅವರು ಗಲ್ಲೆಯಲ್ಲಿ ಚಿಲ್ಲರೆ ಎಣಿಸುತ್ತಿದ್ದರು.
"ಗೆದ್ದು ಬಾ. ಆಮೇಲೆ ನೋಡುವ."
"ಒಡೆಸಿದರೆ ಗೆಲ್ಲುವೆ."
ನಮ್ಮಿಬ್ಬರ ನಡುವೆ ಎರಡು ಬನ್ಸ್ ತಣ್ಣಗಾದವು.
ಒಳಗೆ ಅಕ್ಕ ಒಂದು ಪಾತ್ರೆಯನ್ನು ಜೋರಾಗಿ ಕುಕ್ಕಿದಳು,
ಯಾರ ಪರವಾಗಿ ಎಂದು ಇವತ್ತಿಗೂ ತಿಳಿದಿಲ್ಲ.

ಎಣಿಕೆಯ ದಿನ ನಾನೂರ ಹದಿನೆಂಟು.
ಠೇವಣಿ ಹೋಯಿತು.
ಹಿಂದಿನ ರೀಡಿಂಗು ಸೊನ್ನೆಯಾದರೆ
ಬಂದಷ್ಟೂ ಬಳಕೆಯೇ ಎಂದು ಮಗಳಿಗೆ ಹೇಳಿದೆ.
ಚೆನ್ನಾಗಿ ಹೇಳಿದೆ.
ಹೇಳಿ ಎರಡು ದಿನ ಹೊಸ್ತಿಲು ದಾಟಲಿಲ್ಲ.

ಮೂರನೆಯ ದಿನ ಮನೆಯಲ್ಲಿ ಹಾಲಿರಲಿಲ್ಲ.
ಹೋಟೆಲಿನ ಮುಂದೆ ನಾಲ್ಕರಲ್ಲಿ
ಕೆಳಗಿನ ಒಂದು ಮೆಟ್ಟಿಲಿರಲಿಲ್ಲ.
ಒಡೆದಲ್ಲಿ ಹಸಿ ಸಿಮೆಂಟು,
ಅದರಲ್ಲಿ ಆಗಲೇ ಯಾರದೋ ಚಪ್ಪಲಿ ಗುರುತು.
ಬಗ್ಗಿ ನೋಡಿದೆ: ಎಡಗಾಲು, ಚಿಕ್ಕದು, ಶಾಲೆಯ ಕಡೆಗೆ.
ಭಾವ ಗಲ್ಲೆಯಿಂದ ತಲೆ ಎತ್ತಲಿಲ್ಲ.

ಕೇಸರಬಾಯಿ ಕೂಗಿದಳು:
"ನಿನಗೆ ಓಟು ಹಾಕಲಿಲ್ಲ ಮತ್ತೆ. ಮೆಂತ್ಯ ಬೇಕಾ?"
ಎರಡು ಕಟ್ಟು ತೆಗೆದುಕೊಂಡೆ.
ದುಡ್ಡು ಕೊಡುವಾಗ
ರಸ್ತೆಗಿಳಿದೇ ನಿಲ್ಲಬೇಕಾಯಿತು.